ಸ್ಟ್ರೀಟು ಮತ್ತು ರೋಡು

ಬೆಂಗಳೂರಿನ ದಂಡು ಪ್ರದೇಶದ ಫಲಕಗಳಲ್ಲಿ ಸ್ಟ್ರೀಟೂ ರೋಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಅವೆರಡೂ ಒಂದೇ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಆದರೆ ಲಂಡನ್ನಿನ ನಡುವಿನಲ್ಲಿ, ಸುಮಾರು ಒಂದು ಚದರ ಮೈಲಿಯಷ್ಟೇ ಇರುವ ಹಳೆಯ ‘ಸಿಟಿ’ಯಲ್ಲಿ ಸ್ಟ್ರೀಟು, ಲೇನುಗಳು ಬೇಕಾದಷ್ಟಿದ್ದರೂ ರೋಡ್ ಎಂದು ಹೆಸರುಳ್ಳದ್ದು ಬಹುಕಾಲ ಒಂದೂ ಇರಲಿಲ್ಲ. 1994ರಲ್ಲಿ ಗಡಿ ತುಸು ಸರಿದು, ಗಾಸ್ವೆಲ್ ರೋಡಿನ ಒಂದು ಭಾಗ ಒಳಗೆ ಸೇರಿದ ಮೇಲೆಯೇ ಆ ಕೊರತೆ ನೀಗಿತು.

ಇದರಲ್ಲಿ ಸೋಜಿಗವೇನೂ ಇಲ್ಲ. ಸ್ಟ್ರೀಟು ರೋಮನ್ನರ ಕಾಲದ ಮಾತು. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಹಾಸಿದ್ದು ಎಂದರ್ಥ. ರೋಡು ಮೊದಲಿಗೆ ಕುದುರೆ ಸವಾರಿಯ ಹೆಸರಾಗಿದ್ದು, ದಾರಿ ಎಂಬ ಅರ್ಥವನ್ನು ಪಡೆದದ್ದು ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಸಿಟಿಯ ಹಳೆಯ ಓಣಿಗಳಿಗೆ ಬಹುಮಟ್ಟಿಗೆ ನಾಮಕರಣ ಮುಗಿದಿತ್ತು. ರೋಮನ್ನರು ಕಲ್ಲು ಹಾಸಿ ಊರಿಂದೂರಿಗೆ ಎಳೆದ ಹೆದ್ದಾರಿಗೆ ವಾಟ್ಲಿಂಗ್ ಸ್ಟ್ರೀಟ್ ಎಂಬ ಹೆಸರಿದ್ದು, ಅದರದೇ ಜಾಡಿನಲ್ಲಿರುವ ಲಂಡನ್ನಿನ ತುಂಡೊಂದು ಇಂದು ಎಡ್ಜ್‌ವೇರ್ ರೋಡ್ ಆಗಿರುವುದನ್ನು ನೋಡಿದರೆ, ಹೆಸರಿಡುವವರು ನಿಘಂಟನ್ನು ಕೇಳಿ ಇಡುವುದಿಲ್ಲವೆಂಬುದು ತಿಳಿಯುತ್ತದೆ.

ಆದರೂ ಬಳಕೆಯಲ್ಲಿ ಒಂದು ಭೇದ ಉಳಿದಿದೆ. ರೋಡು ಎಲ್ಲಿಗೋ ಹೊರಟಿರುತ್ತದೆ. ಹೊಸೂರು ರೋಡು, ತುಮಕೂರು ರೋಡು, ಬಳ್ಳಾರಿ ರೋಡುಗಳು ತಾವು ಮುಟ್ಟುವ ಊರನ್ನೇ ಹೆಸರಾಗಿ ಹೊತ್ತಿವೆ. ಸ್ಟ್ರೀಟಿಗೆ ಅಂಥ ಅವಸರವಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ‘ಬನ್ನಿ ಮೇಡಂ, ಒಳಗೆ ನೋಡಿ’ ಎಂದು ಬಾಗಿಲಲ್ಲೇ ನಿಂತು ಕರೆಯುವ ಅಂಗಡಿಯ ಹುಡುಗನನ್ನೂ, ಚೂಡಿದಾರದ ಬಟ್ಟೆಗೆ ಹೊಂದುವ ಲೇಸನ್ನು ಬೆಳಕಿಗೆ ಹಿಡಿದು ನೋಡುವ ಗಿರಾಕಿಯನ್ನೂ ದಾಟಿ ಯಾರೂ ಬೇಗ ಆ ತುದಿ ಸೇರಿದ್ದಿಲ್ಲ. ಇಂಗ್ಲಿಷಿನಲ್ಲಿ ರೋಡಿನ ಮೇಲಿರುವವನು ಪ್ರಯಾಣಿಕ, ಸ್ಟ್ರೀಟಿಗೆ ಬಿದ್ದವನು ಮನೆ ಕಳೆದುಕೊಂಡವನು. ನಾವೂ ಬೀದಿಪಾಲಾಗುತ್ತೇವೆಯೇ ಹೊರತು ರಸ್ತೆಪಾಲಾಗುವುದಿಲ್ಲ.

ಚರ್ಚ್ ಸ್ಟ್ರೀಟಿಗೆ 2018ರ ಹೊತ್ತಿಗೆ ಕಲ್ಲು ಹಾಸಿದಾಗ ಅದು ಲ್ಯಾಟಿನ್ನಿನ ಲೆಕ್ಕದಲ್ಲಿಯೂ ಸ್ಟ್ರೀಟಾಯಿತು. ಪಕ್ಕದ ಬ್ರಿಗೇಡ್ ರೋಡು ಮಾತ್ರ ಅಂಗಡಿಗಳನ್ನೇ ತುಂಬಿಕೊಂಡು, ಎಲ್ಲಿಗೂ ಹೊರಡುವ ಲಕ್ಷಣವಿಲ್ಲದಿದ್ದರೂ ರೋಡೆನಿಸಿಕೊಂಡಿದೆ. ಇವೆರಡಕ್ಕಿಂತ ವಿಚಿತ್ರವಾದದ್ದು ಅವೆನ್ಯೂ ರೋಡು. ಅವೆನ್ಯೂ ಎಂದರೆ ಸಾಲುಮರಗಳ ದಾರಿ. ಅದರ ಮೇಲೆ ರೋಡು ಬೇರೆ. ಮರ ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಗುವುದು ಹಳೆಯ ಪಠ್ಯಪುಸ್ತಕಗಳ ರಾಶಿ ಮತ್ತು ಕಾಲಿಗೆ ತಾಗುವ ತಳ್ಳುಗಾಡಿ. ಅದರ ಮೊದಲಿನ ಹೆಸರು ದೊಡ್ಡಪೇಟೆ. ಅದನ್ನು ಬದಲಿಸುವ ಅಗತ್ಯವೇ ಇರಲಿಲ್ಲವೆಂದು ನನ್ನ ಅಭಿಪ್ರಾಯ.