ಅಂಗಡಿ ತುಂಬಿದರೆ ಜೇಬೂ ತುಂಬಿದೆಯಾ?

"ಬೆಲೆ ಏರಿಕೆ ಅಂತ ಸುಮ್ನೆ ಬೊಬ್ಬೆ ಹೊಡೀತಾರೆ. ನೋಡಿ, ಕಾಲಿಡೋಕೂ ಜಾಗ ಇಲ್ಲ!" ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಹಿಂದೆ ನಿಂತವರೊಬ್ಬರು ಹೀಗಂದಾಗ ನನಗೆ ತಡೆಯಲಾಗಲಿಲ್ಲ. ಇನ್ನೆಷ್ಟು ಸಲ ಕೇಳಬೇಕು ಈ ಮಾತು?

ಜನ ಇದ್ದಾರೆ, ನಿಜ. ಅವರ ಚೀಲದಲ್ಲಿ ಏನಿದೆ ನೋಡಿದ್ದೀರಾ? ನನ್ನ ಮುಂದಿದ್ದ ಹೆಂಗಸು ಕನಕಾಂಬರದ ರೇಟು ಕೇಳಿದರು. ಒಂದು ಮೊಳ ಕೈಯಲ್ಲಿ ಹಿಡಿದು ನೋಡಿ, ಮೆಲ್ಲಗೆ ವಾಪಸ್ ಇಟ್ಟರು. ಸೇವಂತಿಗೆ ಅರ್ಧ ಮಾರು ಸಾಕು ಅಂದರು. ಪಕ್ಕದಲ್ಲಿ ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅವರನ್ನೂ ಆ ಗುಂಪಿನಲ್ಲೇ ಎಣಿಸಿದಿರಿ ಅಲ್ವಾ?

2025ರ ಜನವರಿಯಲ್ಲಿ ಬಸ್ ಟಿಕೆಟ್ ಶೇ 15 ಏರಿತು. ಫೆಬ್ರವರಿಯಲ್ಲಿ ಮೆಟ್ರೊ. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ನಮ್ಮ ಸಂಬಳ ಯಾವ ತಿಂಗಳು ಏರಿತು ಹೇಳಿ? ದೇವರ ಮುಂದೆ ಎರಡು ಬಾಳೆಹಣ್ಣು ಇಡೋದೂ ಶೋಕಿನಾ? ವರ್ಷಕ್ಕೊಮ್ಮೆ ಮಗುವಿಗೊಂದು ಲಂಗ ತಂದರೆ ಅದೂ ನಿಮ್ಮ ಕಣ್ಣಿಗೆ ಚುಚ್ಚುತ್ತಾ? ಆ ಲಂಗಕ್ಕಾಗಿ ಎಷ್ಟು ದಿನ ಸಾರಿಗೆ ಬೇಳೆ ಕಮ್ಮಿ ಹಾಕಿದ್ದಾರೋ, ಯಾವತ್ತಾದರೂ ಕೇಳಿದ್ದೀರಾ?