ಮಗ್ದಲದ ಮರಿಯ ಏನು ಮಾಡಿದ್ದಳು?

ಶುಭ ಶುಕ್ರವಾರದ ನಾಟಕ ನೋಡಿ ಈಗಷ್ಟೇ ಬಂದೆ. ಹುಡುಗರು ಚೆನ್ನಾಗಿ ಮಾಡಿದರು, ಸುಳ್ಳು ಹೇಳಲ್ಲ. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಪಿಲಾತ ಕೈ ತೊಳೆಯುವಾಗ ನೀರು ಮೈಕಿಗೆ ಬಿದ್ದು ಕಿರ್ ಅಂತ ಸದ್ದು ಬಂತು, ಅದೂ ಪರವಾಗಿಲ್ಲ. ಆದರೆ ಯೇಸುವಿನ ಶಿಷ್ಯೆ, ಗಲಿಲೇಯ ಸರೋವರದ ದಡದ ಮಗ್ದಲ ಊರಿನ ಮರಿಯ ಬಂದಳು ನೋಡಿ. ಕೆಂಪು ಸೀರೆ, ಬಿಚ್ಚಿದ ಕೂದಲು, ತುಟಿಗೆ ಢಾಳಾದ ಲಿಪ್‌ಸ್ಟಿಕ್. ಹಿಂದಿನಿಂದ ಒಂದು ಗಂಭೀರ ದನಿ, 'ಇವಳೇ ಆ ಪಾಪಿ ಹೆಂಗಸು!' ನನ್ನ ಪಕ್ಕದ ಪುಟ್ಟ ಹುಡುಗಿ ಕೇಳಿದಳು, 'ಅಮ್ಮಾ, ಅವಳು ಏನು ಮಾಡಿದ್ದಳು?' ಅವರಮ್ಮ 'ಶ್' ಅಂದರು.

ಏನೂ ಮಾಡಿರಲಿಲ್ಲ ಪುಟ್ಟೀ. ನನ್ನ ಸಿಟ್ಟೇ ಅದು.

'ಶುರು ಮಾಡಿದಳು ಇವಳು' ಅಂತ ಹಳೆಯ ಸ್ನೇಹಿತರು ಗೊಣಗಬಹುದು. ಗೊಣಗಿ. ಆದರೆ ಒಮ್ಮೆ ಬೈಬಲಿನಲ್ಲಿ ಲೂಕನ ಶುಭಸಂದೇಶ ತೆಗೆದು ನೋಡಿ (ಯೇಸುವಿನ ಕಥೆ ಹೇಳುವ ಮತ್ತಾಯ, ಮಾರ್ಕ, ಲೂಕ, ಯೊವಾನ್ನರ ನಾಲ್ಕು ಪುಸ್ತಕಗಳೇ ಶುಭಸಂದೇಶಗಳು). 7ನೇ ಅಧ್ಯಾಯದಲ್ಲಿ ಸಿಮೋನ ಅನ್ನುವ ಫರಿಸಾಯನ (ಕಟ್ಟುನಿಟ್ಟಿನ ಯೆಹೂದ್ಯ ಪಂಥದವನ) ಮನೆಗೆ ಒಬ್ಬ ಹೆಂಗಸು ಬಂದು, ಕಣ್ಣೀರಿನಿಂದ ಯೇಸುವಿನ ಪಾದ ತೊಳೆದು, ಕೂದಲಿನಿಂದ ಒರೆಸುತ್ತಾಳೆ. ಅವಳು ಪಾಪಿ ಅಂತ ಬರೆದಿದೆ, ಸರಿ. ಹೆಸರು ಮಾತ್ರ ಇಲ್ಲ. ಮುಂದಿನ ಅಧ್ಯಾಯದಲ್ಲಿ ಮಗ್ದಲದ ಮರಿಯ ಬರುತ್ತಾಳೆ, ಹೊಸ ಪಾತ್ರವಾಗಿ. ಅವಳಿಂದ ಏಳು ದೆವ್ವಗಳನ್ನು ಬಿಡಿಸಲಾಗಿತ್ತು ಅಂತ ಮಾತ್ರ ಇದೆ. ದೆವ್ವ ಹಿಡಿದವರನ್ನು ಶುಭಸಂದೇಶಗಳು ನರಳುವವರು ಅಂತ ತೋರಿಸುತ್ತವೆ, ನಡತೆಗೆಟ್ಟವರು ಅಂತಲ್ಲ. ಗಂಡಸಿಗೆ ದೆವ್ವ ಹಿಡಿದರೆ 'ಪಾಪ, ಕಾಯಿಲೆ' ಅನ್ನುತ್ತೇವೆ. ಹೆಂಗಸಿಗೆ ಹಿಡಿದರೆ ತಕ್ಷಣ ಲಿಪ್‌ಸ್ಟಿಕ್.

ಇಬ್ಬರನ್ನೂ ಒಂದು ಮಾಡಿದ್ದು ಪೋಪ್ ಮೊದಲನೆಯ ಗ್ರೆಗೊರಿ, 591ರ ಒಂದು ಪ್ರಬೋಧನೆಯಲ್ಲಿ. ಯೇಸುವಿನ ಪಾದಕ್ಕೆ ಸುಗಂಧ ತೈಲ ಹಚ್ಚಿದ ಇನ್ನೊಬ್ಬ ಹೆಂಗಸು, ಬೆಥಾನಿಯ ಊರಿನ ಮರಿಯಳನ್ನೂ ಅದರಲ್ಲೇ ಸೇರಿಸಿದರು. ಮೂವರು ಹೆಂಗಸರು ಸೇರಿ ಒಬ್ಬಳಾದಳು, ಏಳು ದೆವ್ವಗಳು ಏಳು ದುರ್ಗುಣಗಳಾದವು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಒಪ್ಪಲೇ ಇಲ್ಲ, ಅಲ್ಲಿ ಅವಳು ಯಾವತ್ತೂ ಬೇರೆಯೇ. ನಮ್ಮ ಕಥೋಲಿಕರ ಕಡೆ? 1517ರಲ್ಲಿ ಫ್ರಾನ್ಸಿನ ಪಂಡಿತ ಲೆಫೆವ್ರ್ 'ಇವರು ಮೂವರು ಬೇರೆ ಬೇರೆ' ಅಂತ ಬರೆದ. ಪ್ಯಾರಿಸಿನ ಧರ್ಮಪಂಡಿತರು 1521ರಲ್ಲಿ ಅವನ ಮಾತನ್ನೇ ಖಂಡಿಸಿದರು. ಓದಿದ್ದನ್ನು ಓದಿದ ಹಾಗೆ ಹೇಳಿದ್ದಕ್ಕೆ!

ಅವಳು ನಿಜಕ್ಕೂ ಏನು ಮಾಡಿದಳು ಅನ್ನುವುದನ್ನು ನಾಟಕದಲ್ಲಿ ಯಾರೂ ತೋರಿಸಲ್ಲ. ಗಲಿಲೇಯದಿಂದ ಯೇಸುವಿನ ಜೊತೆ ನಡೆದಳು. ಅವಳು, ಗಲಿಲೇಯದ ದೊರೆ ಹೆರೋದನ ಅಧಿಕಾರಿ ಕೂಜನ ಹೆಂಡತಿ ಯೊಹನ್ನ, ಸುಸನ್ನ, ಇನ್ನೂ ಎಷ್ಟೋ ಹೆಂಗಸರು ಕೈಯಿಂದ ದುಡ್ಡು ಹಾಕಿ ಆ ಗುಂಪನ್ನು ನೋಡಿಕೊಂಡರು. ಇದೂ ಲೂಕನೇ ಬರೆದದ್ದು. ಮೀನು ಬಲೆ ಬಿಟ್ಟು ಬಂದವರ ಹೆಸರು ನಮಗೆ ಬಾಯಿಪಾಠ. ಅವರ ಊಟದ ಖರ್ಚು ಕೊಟ್ಟವರ ಹೆಸರು?

ಯೇಸುವನ್ನು ಹಿಡಿದಾಗ ಶಿಷ್ಯರೆಲ್ಲ ಓಡಿದರು ಅಂತ ಮಾರ್ಕ ಮುಲಾಜಿಲ್ಲದೆ ಬರೆಯುತ್ತಾನೆ. ಶಿಲುಬೆಯ ಹತ್ತಿರ ಇವಳಿದ್ದಳು. ಸಮಾಧಿಯ ಹತ್ತಿರವೂ ಇದ್ದಳು, ಅದರಲ್ಲಿ ನಾಲ್ಕೂ ಶುಭಸಂದೇಶಗಳು ಒಂದೇ ಮಾತು. ಯೊವಾನ್ನನ ಪ್ರಕಾರ ಪೇತ್ರ ಮತ್ತು ಇನ್ನೊಬ್ಬ ಶಿಷ್ಯ ಓಡಿ ಬಂದು, ಖಾಲಿ ಸಮಾಧಿ ನೋಡಿ, ಮನೆಗೆ ಹೋದರು. ಇವಳು ಹೋಗಲಿಲ್ಲ. ಎದ್ದು ಬಂದ ಯೇಸು ಮೊದಲು ಮಾತಾಡಿಸಿದ್ದು ಇವಳನ್ನು. 'ಹೋಗಿ ನನ್ನ ಸೋದರರಿಗೆ ಹೇಳು' ಅಂತ ಕಳಿಸಿದ್ದೂ ಇವಳನ್ನೇ. ಹೆಂಗಸರು ಹೋಗಿ ಹೇಳಿದಾಗ ಗಂಡಸರು ಏನಂದುಕೊಂಡರು? ಹುಚ್ಚು ಮಾತು ಅಂದುಕೊಂಡರು, ಲೂಕ 24. ಆಮೇಲೆ ಊರೂರು ತಿರುಗಿ ಯೇಸುವಿನ ಸಂದೇಶ ಸಾರಿದ ಪೌಲ ಕೊರಿಂಥ ಪಟ್ಟಣದವರಿಗೆ ಬರೆದ ಪತ್ರದಲ್ಲಿ ಯಾರ‍್ಯಾರಿಗೆ ಯೇಸು ಕಾಣಿಸಿಕೊಂಡರು ಅಂತ ಪಟ್ಟಿ ಕೊಡುತ್ತಾನೆ. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಜನ, ಯಕೋಬ, ಕೊನೆಗೆ ತಾನು. ಇವಳ ಹೆಸರಿಲ್ಲ.

'ಅಯ್ಯೋ, ಪಾಪಿಗೂ ಕ್ಷಮೆ ಇದೆ ಅನ್ನುವುದು ಎಷ್ಟು ಒಳ್ಳೆಯ ಸಂದೇಶ, ಅದನ್ನು ಯಾಕೆ ಕಿತ್ತುಕೊಳ್ತೀಯ?' ಅಂತ ಹೋದ ವರ್ಷ ಒಬ್ಬರು ಕೇಳಿದ್ದರು. ಯಾರು ಕಿತ್ತುಕೊಂಡರು ಸ್ವಾಮಿ? 7ನೇ ಅಧ್ಯಾಯದ ಹೆಂಗಸು ಅಲ್ಲೇ ಇದ್ದಾಳೆ, ಅವಳ ನಾಟಕ ಮಾಡಿ. ಅಷ್ಟಕ್ಕೂ ಪೇತ್ರ ಮೂರು ಸಲ 'ಅವನು ಯಾರೋ ಗೊತ್ತಿಲ್ಲ' ಅಂದ, ಅವನ ಕೈಗೆ ಬೀಗದ ಕೈ ಕೊಟ್ಟು ಪ್ರತಿಮೆ ನಿಲ್ಲಿಸಿದ್ದೇವೆ. ಪೌಲ ಕ್ರೈಸ್ತರನ್ನು ಹಿಡಿದು ಜೈಲಿಗೆ ಹಾಕಿಸುತ್ತಿದ್ದವನು. ಅವರು ನಿಜವಾಗಿ ಮಾಡಿದ್ದನ್ನು ಮರೆತೆವು, ಇವಳು ಮಾಡದೇ ಇದ್ದದ್ದನ್ನು ಇವಳ ಹೆಸರಿಗೇ ಅಂಟಿಸಿದೆವು. (ಇನ್ನು ಕಾದಂಬರಿ ಓದಿ ಅವಳನ್ನು ಯೇಸುವಿನ ಹೆಂಡತಿ ಮಾಡುವವರು ಬೇರೆ. ನಿಮಗೆ ಇನ್ನೊಂದು ದಿನ ಉಗಿಯುತ್ತೇನೆ.)

ಇದೆಲ್ಲ ಸುಮ್ನೆ ಹಳೇ ಪುರಾಣ ಅನ್ನಬೇಡಿ. ಐರ್ಲೆಂಡಿನಲ್ಲಿ 'ದಾರಿ ತಪ್ಪಿದವರು' ಅಂತ ಹೆಂಗಸರನ್ನು ಕೂಡಿಹಾಕಿ ಸಂಬಳವಿಲ್ಲದೆ ಬಟ್ಟೆ ಒಗೆಸಿದ ಲಾಂಡ್ರಿಗಳಿಗೆ ಮ್ಯಾಗ್ಡಲಿನ್ ('ಮಗ್ದಲದವಳು' ಅನ್ನುವುದರ ಇಂಗ್ಲಿಷ್ ರೂಪ) ಅಂತಲೇ ಹೆಸರು. ಕೊನೆಯದು ಮುಚ್ಚಿದ್ದು 1996ರಲ್ಲಿ. ಅಲ್ಲಿನ ಪ್ರಧಾನಿ ಕ್ಷಮೆ ಕೇಳಿದ್ದು 2013ರಲ್ಲಿ.

ನನಗೆ ಯಾಕಿಷ್ಟು ಉರಿ ಅಂದರೆ, ನನ್ನ ಅಜ್ಜಿಗೆ ಇಟ್ಟಿದ್ದು ಇವಳದೇ ಹೆಸರು. ಶಾಲೆಯಲ್ಲಿ ಹುಡುಗರು ಆಡಿಕೊಳ್ಳುತ್ತಿದ್ದರಂತೆ. ಮದುವೆಯಾದ ಮೇಲೆ ಅಜ್ಜಿ ಆ ಹೆಸರನ್ನು ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಅವರು ಬರೀ ಮೇರಿಯಮ್ಮ. ನಮಗೆ ಪೂರ್ತಿ ಹೆಸರು ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ, ಜ್ಞಾನಸ್ನಾನದ ಚೀಟಿ ಸಿಕ್ಕಾಗ.

ರೋಮ್ ಕೂಡ ತಿದ್ದಿಕೊಂಡಾಗಿದೆ. 1969ರಲ್ಲಿ ಸಭೆಯ ಹಬ್ಬಗಳ ಪಂಚಾಂಗ ಪರಿಷ್ಕರಿಸಿದಾಗ ಅವಳ ನೆನಪಿನ ದಿನಕ್ಕೆ ಪಾಪಿ ಹೆಂಗಸಿನ ಬೈಬಲ್ ವಾಚನ ತೆಗೆದು, ಸಮಾಧಿಯ ಹತ್ತಿರದ ವಾಚನ ಇಟ್ಟರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ದಿನವನ್ನು ಪ್ರೇಷಿತರ (ಸಂದೇಶ ಸಾರಲು ಯೇಸು ಕಳಿಸಿದ ಶಿಷ್ಯರ) ಹಬ್ಬಗಳ ಸಾಲಿಗೇ ಏರಿಸಿದರು. ಧರ್ಮಪಂಡಿತ ಥಾಮಸ್ ಅಕ್ವಿನಾಸರಂಥವರು 13ನೇ ಶತಮಾನದಲ್ಲೇ ಅವಳನ್ನು 'ಪ್ರೇಷಿತರಿಗೆ ಪ್ರೇಷಿತೆ' ಅಂದಿದ್ದರು. ವ್ಯಾಟಿಕನ್ನಿಗೆ ಗೊತ್ತು, ನಮ್ಮ ನಾಟಕದ ಮೇಷ್ಟ್ರಿಗೆ ಗೊತ್ತಿಲ್ಲ.

ಆ ದಿನ ಜುಲೈ 22. ಮೇಷ್ಟ್ರೇ, ನೀವು ಇದನ್ನು ಓದ್ತೀರಿ ಅಂತ ಗೊತ್ತು. ಮುಂದಿನ ವರ್ಷದ ಸ್ಕ್ರಿಪ್ಟ್ ನಾನು ಬರೆದು ಕೊಡುತ್ತೇನೆ, ದುಡ್ಡು ಬೇಡ. ಕೆಂಪು ಸೀರೆ ಬೇಕೇ ಬೇಕು ಅಂದರೆ ಹೆರೋದನಿಗೆ ಉಡಿಸಿ.