ರೇಟಿಂಗ್ ಬಿತ್ತು ಅನ್ನೋ ಮುಂಚೆ ಟೈಮ್ ಸ್ಲಾಟ್ ನೋಡಿ

ಅಮೆರಿಕದ ಟಿವಿಯಲ್ಲಿ ಹೊಸ ಸೈಫೈ (ವಿಜ್ಞಾನ ಕಲ್ಪನೆಯ) ಸೀರೀಸ್ ಶುರುವಾದರೆ ಸಾಕು, ಮರುದಿನದಿಂದ ಒಂದೇ ಮಾತು. ಎಷ್ಟು ಲಕ್ಷ ಜನ ನೋಡಿದರು? ಎರಡನೇ ಸೀಸನ್ ಬರುತ್ತಾ? ಕಥೆ ಹೇಗಿದೆ, ಆ ಲೋಕವನ್ನು ಹೇಗೆ ಕಟ್ಟಿದ್ದಾರೆ ಅನ್ನೋದೆಲ್ಲ ಆಮೇಲೆ. ಈ ಆತಂಕ ನನಗೂ ಗೊತ್ತು. ಇಷ್ಟಪಟ್ಟ ಸೀರೀಸ್ ಅರ್ಧಕ್ಕೇ ನಿಂತಾಗ ಆಗುವ ಸಂಕಟ ಸಣ್ಣದಲ್ಲ. ಆದರೆ ಮೊದಲ ವಾರದ ಅಂಕಿ ಹಿಡಿದುಕೊಂಡು "ಇದು ಉಳಿಯಲ್ಲ" ಅಂತ ತೀರ್ಪು ಕೊಡೋದನ್ನು ನಾನು ಒಪ್ಪಲ್ಲ. ಆ ಅಂಕಿಯಲ್ಲಿ ಚಾನೆಲ್‌ನ ಕೈವಾಡ ತುಂಬಾ ಇರುತ್ತದೆ. ಯಾವ ರಾತ್ರಿ ಹಾಕಿದರು? ಯಾವ ಕಾರ್ಯಕ್ರಮ ಮುಗಿದ ಮೇಲೆ ಹಾಕಿದರು? ಅದೇ ಹೊತ್ತಿಗೆ ಬೇರೆ ಚಾನೆಲ್‌ಗಳಲ್ಲಿ ಏನಿತ್ತು? ಇದನ್ನು ಕೇಳದೆ ರೇಟಿಂಗ್ ಬಗ್ಗೆ ಮಾತಾಡೋದು ಆ ಸೀರೀಸ್‌ಗೆ ಮಾಡುವ ಅನ್ಯಾಯ.

ಫೈರ್‌ಫ್ಲೈ ಅನ್ನೋ ಸೀರೀಸಿನ ಕಥೆ ನೆನಪಾದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 2002ರ ಸೆಪ್ಟೆಂಬರ್ 20ರ ಶುಕ್ರವಾರ ಅದು ಫಾಕ್ಸ್ ಚಾನೆಲ್‌ನಲ್ಲಿ ಶುರುವಾಯಿತು. ಅದನ್ನು ಸೃಷ್ಟಿಸಿದ ಜಾಸ್ ವೀಡನ್ ಎರಡು ಗಂಟೆಯ ಮೊದಲ ಕಂತು ಮಾಡಿಕೊಟ್ಟಿದ್ದರು. ಕಥೆ ನಡೆಯುವ ಆಕಾಶನೌಕೆಯಲ್ಲಿ ಯಾರ್ಯಾರಿದ್ದಾರೆ, ಅವರೆಲ್ಲ ಹೇಗೆ ಒಂದೆಡೆ ಸೇರಿದರು ಅನ್ನೋದು ಅದರಲ್ಲೇ ಇತ್ತು. ಚಾನೆಲ್‌ನವರಿಗೆ ಅದು ಹಿಡಿಸಲಿಲ್ಲ. ಬೇರೆ ಕಂತನ್ನು ಮೊದಲು ಹಾಕಿದರು. ನಿಜವಾದ ಮೊದಲ ಕಂತು ಪ್ರಸಾರವಾಗಿದ್ದು ಡಿಸೆಂಬರ್ 20ಕ್ಕೆ. ಅಷ್ಟೊತ್ತಿಗೆ ಸೀರೀಸ್ ರದ್ದಾಗಿತ್ತು! ಮಧ್ಯೆ ಬೇಸ್‌ಬಾಲ್‌ಗೆ ಜಾಗ ಬಿಟ್ಟುಕೊಡಬೇಕಾಯಿತು. ತಯಾರಾದ 14 ಕಂತುಗಳಲ್ಲಿ 11 ಮಾತ್ರ ಅಲ್ಲಿ ಬಂದವು. ಪಾತ್ರಗಳ ಪರಿಚಯವೇ ಇಲ್ಲದೆ ನಡುವಿನಿಂದ ಕಥೆ ತೋರಿಸಿ, ಆಮೇಲೆ ಜನ ಬರಲಿಲ್ಲ ಅಂದರೆ ಹೇಗೆ? ಜನ ಬರದೇ ಇದ್ದದ್ದು ಕಥೆ ಇಷ್ಟವಾಗದೆ ಅಲ್ಲ. ಅದಕ್ಕೆ ಸಾಕ್ಷಿ ಆಮೇಲೆ ಸಿಕ್ಕಿತು. ಡಿವಿಡಿ ಎಷ್ಟು ಚೆನ್ನಾಗಿ ಹೋಯಿತು ಅಂದರೆ, 2005ರಲ್ಲಿ ಯೂನಿವರ್ಸಲ್ ಅದೇ ಕಥೆ ಮುಂದುವರಿಸಿ ಸಿನಿಮಾ ಮಾಡಿತು.

ಇದು ಹಳೇ ಚಾಳಿ. ಸ್ಟಾರ್ ಟ್ರೆಕ್‌ಗೂ ಹೀಗೇ ಆಯಿತು. ಎನ್‌ಬಿಸಿ ಚಾನೆಲ್‌ಗೆ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದು ಮೂರನೇ ಸೀಸನ್ ಗಿಟ್ಟಿಸಿಕೊಂಡರು. ಸೋಮವಾರ ಸಂಜೆ ಏಳೂವರೆಯ ಜಾಗ ಕೊಡುವ ಮಾತಾಗಿತ್ತು. ಕೊನೆಗೆ ಕೊಟ್ಟಿದ್ದು ಶುಕ್ರವಾರ ರಾತ್ರಿ ಹತ್ತು ಗಂಟೆ. ಅದನ್ನು ನೋಡುತ್ತಿದ್ದವರಲ್ಲಿ ಹುಡುಗರು, ಕಾಲೇಜಿನವರೇ ಜಾಸ್ತಿ. ಶುಕ್ರವಾರ ರಾತ್ರಿ ಅವರು ಮನೆಯಲ್ಲಿ ಎಲ್ಲಿರುತ್ತಾರೆ? ಸೀರೀಸ್ ಸೃಷ್ಟಿಸಿದ ಜೀನ್ ರಾಡನ್‌ಬೆರಿ ಬೇಸತ್ತು ದಿನನಿತ್ಯದ ಉಸ್ತುವಾರಿಯಿಂದ ಹಿಂದೆ ಸರಿದರು. 1969ರಲ್ಲಿ, 79 ಕಂತಿಗೆ, ಎಲ್ಲ ಮುಗಿಯಿತು. ಆಮೇಲೆ ಊರೂರಿನ ಸ್ಥಳೀಯ ಚಾನೆಲ್‌ಗಳು ಅವೇ ಕಂತುಗಳನ್ನು ದಿನಾ ಸಂಜೆ ಮರುಪ್ರಸಾರ ಮಾಡಿದಾಗ ನೋಡುಗರ ದಂಡೇ ಬಂತು. ಕಥೆ ಅದೇ, ನಟರು ಅವರೇ. ಬದಲಾಗಿದ್ದು ಹೊತ್ತು ಮಾತ್ರ.

ಹಾಗಂತ ಶುಕ್ರವಾರ ಅಂದರೆ ಸಾವೇ ಅಂತಲೂ ಅಲ್ಲ. ದಿ ಎಕ್ಸ್-ಫೈಲ್ಸ್ ಶುರುವಾಗಿದ್ದೂ ಶುಕ್ರವಾರವೇ, ಅದೂ ಫಾಕ್ಸ್‌ನಲ್ಲೇ, 1993ರ ಸೆಪ್ಟೆಂಬರ್ 10ರಂದು. ಮೊದಲ ವರ್ಷದ ಅಂಕಿಗಳು ಸಾಧಾರಣ. ಆದರೆ ಮೂರು ಸೀಸನ್ ಅದನ್ನು ಆ ರಾತ್ರಿಯಿಂದ ಕದಲಿಸಲಿಲ್ಲ. ಜನ ಒಬ್ಬರಿಗೊಬ್ಬರು ಹೇಳಿಕೊಂಡು ಬಂದರು. 1996ರ ಅಕ್ಟೋಬರ್‌ನಲ್ಲಿ ಭಾನುವಾರಕ್ಕೆ ತಂದಾಗ ಅದರ ಹಿಂದೆ ಗಟ್ಟಿ ನೋಡುಗರಿದ್ದರು. 1997ರ ಜನವರಿಯಲ್ಲಿ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್‌ನ ಫೈನಲ್) ಪಂದ್ಯದ ನಂತರ ಹಾಕಿದ ಕಂತನ್ನು 2 ಕೋಟಿ 90 ಲಕ್ಷದಷ್ಟು ಜನ ನೋಡಿದರು. ಮೊದಲ ವರ್ಷವೇ ಕತ್ತರಿ ಹಾಕಿದ್ದರೆ ಆ ಸಂಖ್ಯೆ ಎಲ್ಲಿಂದ ಬರಬೇಕಿತ್ತು?

ಅಂಕಿಗಳ ಬಗ್ಗೆಯೂ ಒಂದು ಮಾತು. ಚಾನೆಲ್‌ಗೆ ಮುಖ್ಯ ಒಟ್ಟು ನೋಡುಗರಲ್ಲ. ಜಾಹೀರಾತು ಕೊಡುವವರು ಬಹುಕಾಲ ಕೇಳುತ್ತಿದ್ದದ್ದು 18ರಿಂದ 49 ವಯಸ್ಸಿನವರನ್ನು. ಟಿವಿ ನೋಡುಗರನ್ನು ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ 1.0 ರೇಟಿಂಗ್ ಅಂದರೆ ಟಿವಿ ಇರುವ ಮನೆಗಳ ಆ ವಯಸ್ಸಿನವರಲ್ಲಿ ನೂರಕ್ಕೆ ಒಬ್ಬರು ನೋಡಿದರು ಅಂತ. 2007ರಿಂದ ಜಾಹೀರಾತಿನ ವ್ಯವಹಾರಕ್ಕೆ ಸಿ3 ಅನ್ನೋ ಲೆಕ್ಕ ಬಂತು. ಪ್ರಸಾರವಾದ ರಾತ್ರಿ ಮತ್ತು ಆಮೇಲಿನ ಮೂರು ದಿನ, ಜಾಹೀರಾತನ್ನು ಫಾರ್ವರ್ಡ್ ಮಾಡದೆ ನೋಡಿದವರಷ್ಟೇ ಅದರಲ್ಲಿ ಸೇರುತ್ತಾರೆ. ಸೈಫೈ ನೋಡುವವರು ಏನು ಮಾಡುತ್ತಾರೆ? ರೆಕಾರ್ಡ್ ಮಾಡಿಟ್ಟು ವಾರಾಂತ್ಯದಲ್ಲಿ ನೋಡುತ್ತಾರೆ. ಜಾಹೀರಾತನ್ನು ಫಾರ್ವರ್ಡ್ ಮಾಡುತ್ತಾರೆ. ಹಾಗಾಗಿ ಮರುದಿನ ಬೆಳಿಗ್ಗೆ ಬರುವ ಅಂಕಿಯಲ್ಲಿ ಈ ಸೀರೀಸ್‌ಗಳು ಯಾವಾಗಲೂ ಇರುವುದಕ್ಕಿಂತ ಸಣಕಲಾಗಿ ಕಾಣುತ್ತವೆ. ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ.

ರಾತ್ರಿ ಬದಲಾಯಿಸೋದಕ್ಕಿಂತ ಕೆಟ್ಟದ್ದು, ನನ್ನ ಪ್ರಕಾರ, ನಡುವೆ ತಿಂಗಳುಗಟ್ಟಲೆ ಬಿಡುವು ಕೊಡೋದು. ಪೊಲೀಸ್ ಕಥೆಯಾದರೆ ಪ್ರತಿ ವಾರ ಹೊಸ ಕೇಸು, ಯಾವಾಗ ಬೇಕಾದರೂ ಬಂದು ಕೂರಬಹುದು. ಸೈಫೈನಲ್ಲಿ ಗಂಟಿನ ಮೇಲೆ ಗಂಟು. ಎರಡು ವಾರ ಬಿಟ್ಟರೆ ಎಳೆ ಕೈತಪ್ಪುತ್ತದೆ. 2009ರ ಸೆಪ್ಟೆಂಬರ್‌ನಲ್ಲಿ ಎಬಿಸಿ ಚಾನೆಲ್‌ನ ಫ್ಲಾಶ್‌ಫಾರ್ವರ್ಡ್ ಶುರುವಾದಾಗ ನೋಡಿದವರು 1 ಕೋಟಿ 20 ಲಕ್ಷಕ್ಕೂ ಹೆಚ್ಚು. ಡಿಸೆಂಬರ್‌ನಲ್ಲಿ ನಿಲ್ಲಿಸಿ ಮಾರ್ಚ್‌ನಲ್ಲಿ ಮತ್ತೆ ಶುರುಮಾಡಿದರು. ಬಿಟ್ಟುಹೋದ ಜನ ವಾಪಸ್ ಬರಲಿಲ್ಲ. ಒಂದೇ ಸೀಸನ್, ಕಥೆ ತೂಗುತ್ತಾ ನಿಂತಿತು. ಸಿಬಿಎಸ್‌ನ ಜೆರಿಕೋಗೂ ಇದೇ ಬಿಡುವು ಹೊಡೆತ ಕೊಟ್ಟಿತು. ವಾಪಸ್ ಬಂದಾಗ ಎದುರಿಗೆ ಅಮೆರಿಕನ್ ಐಡಲ್ ಅನ್ನೋ ಜನಪ್ರಿಯ ಹಾಡಿನ ಸ್ಪರ್ಧೆ ಕೂತಿತ್ತು. 2007ರಲ್ಲಿ ಅಭಿಮಾನಿಗಳು ಪ್ರತಿಭಟನೆಯಾಗಿ ಚಾನೆಲ್ ಕಚೇರಿಗೆ ಟನ್‌ಗಟ್ಟಲೆ ಕಡಲೆಕಾಯಿ ಕಳಿಸಿ ಇನ್ನೂ ಏಳು ಕಂತು ಪಡೆದರು. ನನಗೆ ಅವರ ಮೇಲೆ ತುಂಬಾ ಗೌರವ. ಆದರೆ 2008ರಲ್ಲಿ ಅದೂ ಮುಗಿಯಿತು.

ಹಾಗಾದರೆ ಹೊಸ ಸೀರೀಸ್ ಉಳಿಯುತ್ತೋ ಇಲ್ಲವೋ ಅಂತ ಹೇಗೆ ಅಂದಾಜು ಮಾಡೋದು? ನಾನು ಮೊದಲ ಕಂತಿನ ಅಂಕಿಯನ್ನು ಪಕ್ಕಕ್ಕಿಡುತ್ತೇನೆ. ಅದು ಪ್ರಚಾರದ ಅಂಕಿ. ಎರಡನೇ ವಾರದಿಂದ ಆರನೇ ವಾರದವರೆಗೆ ಕುಸಿತ ನಿಲ್ಲುತ್ತಾ ಅಂತ ನೋಡುತ್ತೇನೆ. ಹಿಂದಿನ ಕಾರ್ಯಕ್ರಮದ ನೋಡುಗರಲ್ಲಿ ಎಷ್ಟು ಮಂದಿ ಎದ್ದು ಹೋಗದೆ ಕೂರುತ್ತಾರೆ ಅನ್ನೋದೂ ಮುಖ್ಯ. ಎನ್‌ಬಿಸಿಯ ರೆವಲ್ಯೂಷನ್ 2012ರಲ್ಲಿ ದಿ ವಾಯ್ಸ್ ಅನ್ನೋ ಹಾಡಿನ ಸ್ಪರ್ಧೆಯ ಬೆನ್ನಿಗೆ ಬರುತ್ತಿದ್ದಾಗ ಮಿಂಚಿತು. ಮರುವರ್ಷ ಆ ಆಸರೆ ತೆಗೆದು ಬುಧವಾರಕ್ಕೆ ಕಳಿಸಿದರು. 2014ರಲ್ಲಿ ನಿಂತೇ ಹೋಯಿತು.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಸೀರೀಸ್ ಯಾರ ಆಸ್ತಿ? ದಿ ಎಕ್ಸ್‌ಪಾನ್ಸ್ ಸೀರೀಸಿನಲ್ಲಿ ಸೈಫೈ (Syfy) ಅನ್ನೋ ಹೆಸರಿನ ಚಾನೆಲ್‌ಗೆ ಇದ್ದದ್ದು ಅಮೆರಿಕದಲ್ಲಿ ಟಿವಿಯಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ. ಆಮೇಲೆ ಆನ್‌ಲೈನ್‌ನಲ್ಲಿ ಎಷ್ಟು ಜನ ನೋಡಿದರೂ ಚಾನೆಲ್‌ಗೆ ಲಾಭವಿಲ್ಲ. ಅದಕ್ಕೇ 2018ರಲ್ಲಿ ಕೈಬಿಟ್ಟಿತು. ಅಭಿಮಾನಿಗಳು ಅಮೆಜಾನ್ ಕಚೇರಿ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದರು. ಅಮೆಜಾನ್ ಎತ್ತಿಕೊಂಡಿತು, ಒಟ್ಟು ಆರು ಸೀಸನ್ ಆಯಿತು.

ಸ್ಟ್ರೀಮಿಂಗ್ ಬಂದ ಮೇಲೆ ಟೈಮ್ ಸ್ಲಾಟ್ ಕಾಟ ತಪ್ಪಿತು ಅಂತ ಅನೇಕರು ಖುಷಿಪಟ್ಟರು. ಆದರೆ ನೆಟ್‌ಫ್ಲಿಕ್ಸ್‌ನ '1899' ಅನ್ನೋ ಸೀರೀಸ್ ನೋಡಿ. 2022ರ ನವೆಂಬರ್‌ನಲ್ಲಿ ಎಲ್ಲ ಕಂತು ಒಟ್ಟಿಗೆ ಬಂತು, 2023ರ ಜನವರಿಯಲ್ಲೇ ರದ್ದಾಯಿತು. ಎರಡು ತಿಂಗಳೂ ಪೂರ್ತಿ ಸಿಗಲಿಲ್ಲ. ವಾರಕ್ಕೊಂದು ಕಂತು ಬಿಟ್ಟರೆ ಜನರಿಗೆ ಯೋಚಿಸಲು, ಜಗಳ ಆಡಲು, ಇನ್ನೊಬ್ಬರನ್ನು ಎಳೆತರಲು ಹೊತ್ತು ಸಿಗುತ್ತದೆ. ಸೈಫೈಗೆ ಅದೇ ಸರಿ ಅಂತ ನಾನು ನಂಬುತ್ತೇನೆ.

ನಷ್ಟವಾಗುವ ಸೀರೀಸನ್ನು ಕೊನೆಯಿಲ್ಲದೆ ನಡೆಸಿ ಅಂತ ನಾನು ಕೇಳುತ್ತಿಲ್ಲ. ಫಾಕ್ಸ್‌ನವರು ಫ್ರಿಂಜ್ ಸೀರೀಸ್‌ಗೆ ಮಾಡಿದಷ್ಟು ಮಾಡಿದರೆ ಸಾಕು. 2011ರ ಜನವರಿಯಲ್ಲಿ ಅದನ್ನು ಶುಕ್ರವಾರಕ್ಕೆ ತಳ್ಳಿದಾಗ ಎಲ್ಲರೂ ಕಥೆ ಮುಗಿಯಿತು ಅಂದುಕೊಂಡರು. ಫಾಕ್ಸ್‌ನ ಮನರಂಜನಾ ವಿಭಾಗದ ಆಗಿನ ಮುಖ್ಯಸ್ಥ ಕೆವಿನ್ ರೈಲಿ ಇದರಿಂದ ನಮಗೆ ದುಡ್ಡು ಹೋಗುತ್ತಿದೆ ಅಂತ ಬಹಿರಂಗವಾಗಿಯೇ ಹೇಳಿದ್ದರು. ಆದರೂ ಇದು ಕೊನೆಯದು ಅಂತ ಮೊದಲೇ ತಿಳಿಸಿ 13 ಕಂತುಗಳ ಐದನೇ ಸೀಸನ್ ಕೊಟ್ಟರು. ಬರಹಗಾರರಿಗೆ ಕಥೆ ಕಟ್ಟಿ ಮುಗಿಸಲು ಜಾಗ ಸಿಕ್ಕಿತು. 2013ರ ಜನವರಿ 18ರಂದು ನೂರನೇ ಕಂತಿಗೆ ಅದು ಮುಗಿಯಿತು.